ಬುಡಕ್ಕೆ ಕೊಡಲಿ ಹಾಕಲಾಗದ ಮರ



ಮನೆಗೆ ತಾಗಿ ನಿಂತ ತೆಂಗಿನ ಮರದ ಬುಡಕ್ಕೆ ಯಾರೂ ಕೊಡಲಿ ಹಾಕುವುದಿಲ್ಲ. ಮೇಲೆ ಹತ್ತಿ ಗರಿ ಕಡಿದು, ಕಾಂಡವನ್ನು ತುಂಡು ತುಂಡಾಗಿ ಇಳಿಸುತ್ತಾರೆ. ಡೈರೆಕ್ಟರಿಗಳ ಮರವೂ ಹಾಗೆಯೇ. ಯುನಿಕ್ಸ್‌ನ ಆರ್‌ಎಂಡಿರ್ ಕರೆ ಖಾಲಿ ಡೈರೆಕ್ಟರಿಯನ್ನಷ್ಟೇ ತೆಗೆಯುತ್ತದೆ. ಒಳಗಿನ ಕಡತಗಳು ಮೊದಲು, ಅವನ್ನು ಹೊತ್ತ ಡೈರೆಕ್ಟರಿ ಆಮೇಲೆ.

ತರಗತಿಯ ಪಾಠ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಅಳಿಸುವ ಕೆಲಸ ಗಂಟೆಗಟ್ಟಲೆ ಎಳೆದಾಗ ಎಲ್ಲರೂ ದೂರುವುದು ಗಾತ್ರವನ್ನು, ಕಾರಣವಿರುವುದು ಹೆಚ್ಚಾಗಿ ಕಡತಗಳ ಎಣಿಕೆಯಲ್ಲಿ. 10 ಜಿಬಿಯ ಒಂದು ವಿಡಿಯೊ ಅಳಿಸಲು ಒಂದೇ ಅನ್‌ಲಿಂಕ್ ಕರೆ ಸಾಕು. ಜಾವಾಸ್ಕ್ರಿಪ್ಟ್ ಯೋಜನೆಯೊಂದರ ನೋಡ್ ಮಾಡ್ಯೂಲ್ಸ್ ಡೈರೆಕ್ಟರಿಯಲ್ಲಿ ಸಾವಿರಾರು ಪುಟ್ಟ ಕಡತಗಳಿರುತ್ತವೆ. ಪ್ರತಿಯೊಂದಕ್ಕೂ ಬೇರೆ ಕರೆ, ಬೇರೆ ಐನೋಡ್ (ಕಡತದ ವಿವರಗಳ ದಾಖಲೆ) ಬಿಡುಗಡೆ.

ಹಾಗಾದರೆ ಉಳಿತಾಯ ಎಲ್ಲಿ? ಡೈರೆಕ್ಟರಿ ಓದುವಾಗಲೇ ಲಿನಕ್ಸ್ ಬಹಳಷ್ಟು ಫೈಲ್‌ಸಿಸ್ಟಮ್‌ಗಳಲ್ಲಿ ಒಳಗಿನ ಪ್ರತಿ ಹೆಸರು ಕಡತವೋ ಡೈರೆಕ್ಟರಿಯೋ ಎಂದು ತಿಳಿಸಿಬಿಡುತ್ತದೆ. ಅದಕ್ಕಾಗಿ ಮತ್ತೆ ವಿವರ ಕೇಳುವ ಸ್ಟ್ಯಾಟ್ ಕರೆಯುವುದು ದಂಡ. ಪ್ರತಿ ಸಲ ಪೂರ್ತಿ ಪಥ ಕೊಟ್ಟರೆ ಕರ್ನೆಲ್ ಅಷ್ಟೂ ಮೆಟ್ಟಿಲು ಇಳಿಯಬೇಕು. ಡೈರೆಕ್ಟರಿಯನ್ನು ಒಮ್ಮೆ ತೆರೆದು ಹಿಡಿದುಕೊಂಡು, ಅನ್‌ಲಿಂಕ್‌ಅಟ್ ಕರೆಗೆ ಹೆಸರಷ್ಟೇ ಕೊಟ್ಟರೆ ಆ ಇಳಿತ ತಪ್ಪುತ್ತದೆ. ಹತ್ತು ಥ್ರೆಡ್‌ಗಳನ್ನು ಒಂದೇ ಡೈರೆಕ್ಟರಿಗೆ ನುಗ್ಗಿಸಿದರೆ ಅವು ಒಂದೇ ಬೀಗದ ಮುಂದೆ ಸಾಲುಗಟ್ಟುತ್ತವೆ. ಕೆಲಸ ಹಂಚುವುದಾದರೆ ಉಪಡೈರೆಕ್ಟರಿಗಳ ಲೆಕ್ಕದಲ್ಲಿ ಹಂಚಬೇಕು.

ಹೀಗೆ ಡೈರೆಕ್ಟರಿಯನ್ನು ತೆರೆದು ಹಿಡಿದುಕೊಳ್ಳುವುದರಿಂದ ಸಿಗುವುದು ವೇಗವೊಂದೇ ಅಲ್ಲ. 2022ರ ಜನವರಿಯಲ್ಲಿ ರಸ್ಟ್ ಭಾಷೆಯ ಪ್ರಮಾಣಿತ ಲೈಬ್ರರಿಯಲ್ಲೇ ಒಂದು ದೋಷ ಬಯಲಾಯಿತು. ಅದರ ರಿಮೂವ್ ಡಿರ್ ಆಲ್ ಕಾರ್ಯವು ಕೊಟ್ಟ ಪಥ ಬೇರೆಡೆಗೆ ಬೊಟ್ಟು ಮಾಡುವ ಸಿಮ್‌ಲಿಂಕ್ ಅಲ್ಲವೆಂದು ನೋಡಿ, ಬಳಿಕ ಅದೇ ಪಥವನ್ನು ಮತ್ತೆ ತೆರೆಯುತ್ತಿತ್ತು. ನೋಡಿದ ಗಳಿಗೆಗೂ ತೆರೆದ ಗಳಿಗೆಗೂ ನಡುವೆ ಯಾರಾದರೂ ಅಲ್ಲಿ ಸಿಮ್‌ಲಿಂಕ್ ಇಟ್ಟರೆ, ಹೆಚ್ಚಿನ ಅಧಿಕಾರದಲ್ಲಿ ನಡೆಯುವ ಪ್ರೋಗ್ರಾಮ್ ಬೇರೆಯದೇ ಡೈರೆಕ್ಟರಿಯನ್ನು ಬರಿದು ಮಾಡುತ್ತಿತ್ತು. 1.58.1 ಆವೃತ್ತಿ ಇದನ್ನು ಸರಿಪಡಿಸಿತು. ಮದ್ದು ಅದೇ: ಸಿಮ್‌ಲಿಂಕ್ ಹಿಂಬಾಲಿಸದೆ ತೆರೆ, ತೆರೆದದ್ದನ್ನು ಹಿಡಿದುಕೊಂಡೇ ಅಳಿಸು.

ಬಳಕೆದಾರರನ್ನು ಕಾಯಿಸದ ದಾರಿಯೂ ಇದೆ. ಅದೇ ಫೈಲ್‌ಸಿಸ್ಟಮ್‌ನೊಳಗೆ ಡೈರೆಕ್ಟರಿಯ ಹೆಸರು ಬದಲಿಸಿ ಪಕ್ಕಕ್ಕಿಟ್ಟರೆ ಹಳೆಯ ಹೆಸರು ಆ ಕ್ಷಣವೇ ತೆರವು. ಅಳಿಸುವುದು ಹಿನ್ನೆಲೆಯಲ್ಲಿ ನಡೆಯಲಿ. ಆದರೆ ಡಿಸ್ಕ್‌ನ ಜಾಗ ಆಗಲೇ ಸಿಗದು. ಪ್ರೋಗ್ರಾಮ್ ನಡುವೆ ಸತ್ತರೆ, ಮುಂದಿನ ಸಲ ಉಳಿಕೆಯನ್ನು ಹುಡುಕಿ ಮುಗಿಸುವ ಕೋಡ್ ಕೂಡ ಬೇಕು.

ರಚಿಸುವ ಕೋಡ್‌ಗೆ ಸಿಗುವ ವಿನ್ಯಾಸ, ಪರೀಕ್ಷೆ, ವಿಮರ್ಶೆ ಅಳಿಸುವ ಕೋಡ್‌ಗೂ ಸಿಗಬೇಕೆಂಬುದು ಈ ಗೋಷ್ಠಿಯ ಆಶಯ. ಚರ್ಚೆ ಅಳತೆಯಿಂದ ಶುರುವಾಗಲಿ: ಒಂದೇ ಡೈರೆಕ್ಟರಿಯಲ್ಲಿ 1 ಲಕ್ಷ ಖಾಲಿ ಕಡತ, ಇನ್ನೊಂದೆಡೆ 100 ಡೈರೆಕ್ಟರಿಗಳಲ್ಲಿ ತಲಾ 1,000. ಎರಡನ್ನೂ ಅಳಿಸಿ, ಸ್ಟ್ಯಾಟ್ ಇದ್ದಾಗ ಎಷ್ಟು ಹೊತ್ತು, ಇಲ್ಲದಾಗ ಎಷ್ಟು ಎಂದು ಬರೆದುಕೊಂಡು ಬನ್ನಿ.