ಶಾಂತ ರಸ್ತೆಯನ್ನು ಊರೇ ಉಳಿಸಬೇಕು

(ಘಟ್ಟದ ಮೇಲಿನ ಹಳ್ಳಿಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರಸ್ತೆಯೊಂದು ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಹಲವು ಮಾನದಂಡಗಳಿವೆ. ಎಂಜಿನಿಯರರು ಅಗಲವನ್ನು ನೋಡುತ್ತಾರೆ, ಗುತ್ತಿಗೆದಾರರು ಡಾಂಬರಿನ ದಪ್ಪವನ್ನು ನೋಡುತ್ತಾರೆ, ಚಾಲಕರು ವೇಗವನ್ನು ನೋಡುತ್ತಾರೆ. ಹಳ್ಳಿಗೆ ಸಲ್ಲುವ ಮಾನದಂಡ ಇನ್ನೊಂದಿದೆ. ಹದಿಮೂರು ವರ್ಷದ ಮಗಳನ್ನು ಆ ರಸ್ತೆಯಲ್ಲಿ ಒಬ್ಬಳನ್ನೇ ಸೈಕಲ್ಲಿನ ಮೇಲೆ ಶಾಲೆಗೆ ಕಳುಹಿಸಲು ತಾಯಿ ಒಪ್ಪುತ್ತಾಳೆಯೆ? ಒಪ್ಪುವುದಾದರೆ ಅದು ಒಳ್ಳೆಯ ರಸ್ತೆ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಸೈಕಲ್ ಕೊಡುವುದೂ ಬಿಡುವುದೂ ಸರ್ಕಾರದ ಕೈಯಲ್ಲಿದೆ. ಆದರೆ ಅದನ್ನು ತುಳಿಯಬಹುದಾದ ಶಾಂತ ರಸ್ತೆಯನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಊರಿನ ಕೈಯಲ್ಲಿದೆ. ಈ ಮಾತನ್ನು ವಿವರಿಸಲು ಘಟ್ಟದ ಕೆಳಗಿನ ಒಂದು ದಾರಿಯನ್ನು ನೋಡಬಹುದು.

ಅಳಿವೆಯ ದಾರಿ

ಗೋಕರ್ಣದಿಂದ ಕುಮಟೆಗೆ ಹೋಗಲು ಎರಡು ದಾರಿಗಳಿವೆ. ಮೊದಲನೆಯದು ಮಾದನಗೇರಿಗೆ ಬಂದು 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು, ಮಿರ್ಜಾನದ ಬಳಿ ಸೇತುವೆ ದಾಟಿ ಸಾಗುವ ದಾರಿ. ಎರಡನೆಯದು ಗೋಕರ್ಣದಿಂದ ಸಾಣಿಕಟ್ಟಾ ಮಾರ್ಗವಾಗಿ ತದಡಿಗೆ ಬಂದು, ಅಲ್ಲಿ ತಾರಿ ದೋಣಿಯಲ್ಲಿ ಅಘನಾಶಿನಿ ನದಿಯ ಅಳಿವೆಯನ್ನು ದಾಟಿ, ಅಘನಾಶಿನಿ ಗ್ರಾಮ, ಕಾಗಾಲ, ಬಾಡ, ಹೊಲನಗದ್ದೆಗಳ ಮೂಲಕ ಕುಮಟೆಯನ್ನು ಸೇರುವ ದಾರಿ. ಸೈಕಲ್ ಸವಾರರಿಗೆ ಸಲ್ಲುವುದು ಈ ಎರಡನೆಯದು.

ಅದು ಏಕೆ ಶಾಂತವಾಗಿದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಆ ಭಾಗದಲ್ಲಿ ಜನವಸತಿ ಕಡಿಮೆ ಎಂಬುದು ಕಾರಣವಲ್ಲ; ಕರಾವಳಿಯ ಅಂಚಿನಲ್ಲಿ ಮನೆಗಳು ಒತ್ತೊತ್ತಾಗಿಯೇ ಇವೆ. ನಿಜವಾದ ಕಾರಣ ನದಿ. ದೋಣಿಯಲ್ಲಿ ಮನುಷ್ಯರು ದಾಟುತ್ತಾರೆ, ಮೀನಿನ ಬುಟ್ಟಿ ದಾಟುತ್ತದೆ, ಸೈಕಲ್ಲೂ ದಾಟುತ್ತದೆ. ಮಂಗಳೂರಿನಿಂದ ಗೋವೆಗೆ ಹೊರಟ ಲಾರಿ ದಾಟುವುದಿಲ್ಲ. ಹೀಗಾಗಿ ಈ ರಸ್ತೆಯಲ್ಲಿ ಓಡಾಡುವ ವಾಹನಗಳಲ್ಲಿ ಬಹುಪಾಲು ಆ ಊರುಗಳಲ್ಲೇ ಕೆಲಸವಿರುವಂಥವು. ನದಿಯು ಜರಡಿಯಂತೆ ವರ್ತಿಸಿ, ಊರಿಗೆ ಬೇಕಾದುದನ್ನು ಬಿಟ್ಟು ಊರನ್ನು ಕೇವಲ ಹಾದುಹೋಗುವುದನ್ನು ತಡೆಯುತ್ತದೆ. ಶಾಂತ ರಸ್ತೆಯ ಮೊದಲ ಲಕ್ಷಣವೇ ಇದು. ಅದು ಊರಿಗೆ ಬರುವ ರಸ್ತೆಯೇ ಹೊರತು, ಊರನ್ನು ಸೀಳಿ ಬೇರೆಲ್ಲಿಗೋ ಧಾವಿಸುವ ರಸ್ತೆಯಲ್ಲ.

ದಾರಿಯ ಇಕ್ಕೆಲಗಳಲ್ಲಿರುವುದೂ ನದಿ ಕೊಟ್ಟದ್ದೇ. ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬೇಸಿಗೆಯಲ್ಲಿ ಸಮುದ್ರದ ನೀರು ಬಿಸಿಲಿಗೆ ಬತ್ತಿ ಉಪ್ಪಾಗುತ್ತದೆ. ಅಳಿವೆಯ ಸುತ್ತ ಗಜನಿ ಭೂಮಿಗಳಿವೆ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉದ್ದ ಕಾಂಡದ ಈ ತಳಿ ಉಪ್ಪನ್ನೂ ನೆರೆಯನ್ನೂ ತಾಳಬಲ್ಲದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ನುಗ್ಗಿ ಮೀನು, ಸಿಗಡಿಗಳು ಬೆಳೆಯುತ್ತವೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಬಳಚು ಆರಿಸುತ್ತಾರೆ. 4801 ಹೆಕ್ಟೇರ್ ವಿಸ್ತಾರದ ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಅಣೆಕಟ್ಟಿನ ಅಡ್ಡಿಯಿಲ್ಲದೆ ಸಮುದ್ರಕ್ಕೆ ಇಳಿಯುವ ನದಿಯಿದು. ಘಟ್ಟದ ಮೇಲೆ ಕಡಿದ ಗುಡ್ಡದ ಮಣ್ಣು ಕೊನೆಗೆ ಸೇರುವುದು ಈ ಗಜನಿಗಳನ್ನೇ.

ಏರು ಇಳಿವಿನ ಲೆಕ್ಕ

ಈ ದಾರಿ ಸಮತಟ್ಟಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಜಂಬಿಟ್ಟಿಗೆಯ ಗುಡ್ಡಗಳು ಸಮುದ್ರದವರೆಗೂ ಚಾಚಿವೆ. ಅವುಗಳ ನಡುವೆ ಹಳ್ಳಗಳು ಕೊರೆದ ತಗ್ಗುಗಳಲ್ಲಿ ಗದ್ದೆ, ತೋಟಗಳಿವೆ. ಆದ್ದರಿಂದ ರಸ್ತೆ ಗದ್ದೆಯ ಅಂಚಿನಲ್ಲಿ ಸಾಗಿ, ಗುಡ್ಡವನ್ನೇರಿ, ಮತ್ತೆ ಗದ್ದೆಗೆ ಇಳಿಯುತ್ತದೆ. ಏರು ಕಂಡೊಡನೆ ಸೈಕಲ್ ಆಗದು ಎಂದು ಹೇಳುವವರಿಗೆ ಸಣ್ಣದೊಂದು ಲೆಕ್ಕ ಸಾಕು. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 75 ಕಿಲೋ ಎಂದಿಟ್ಟುಕೊಂಡರೆ, 20 ಮೀಟರ್ ಎತ್ತರಕ್ಕೆ ಏರಲು ಬೇಕಾದ ಶಕ್ತಿ ಸುಮಾರು 14,700 ಜೂಲ್. ಸಾಧಾರಣ ಸೈಕಲ್ಲಿನಲ್ಲಿ ಸಮತಟ್ಟು ರಸ್ತೆಯ ಮೇಲೆ ಒಂದು ಕಿಲೋಮೀಟರ್ ತುಳಿಯಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅಂಥ ಒಂದು ಗುಡ್ಡವು ದಾರಿಗೆ ಒಂದು ಕಿಲೋಮೀಟರನ್ನು ಕೂಡಿಸುತ್ತದೆ, ಅಷ್ಟೆ.

ಆದರೆ ಆ 20 ಮೀಟರನ್ನು ಎಷ್ಟು ದೂರದಲ್ಲಿ ಏರಬೇಕು ಎಂಬುದು ಮುಖ್ಯ. 400 ಮೀಟರಿನಲ್ಲಿ ಏರಿದರೆ ಮಕ್ಕಳೂ ತುಳಿಯಬಲ್ಲರು. 200 ಮೀಟರಿನಲ್ಲಾದರೆ ಇಳಿದು ತಳ್ಳಬೇಕು. ಹಿಂದಿನವರ ಗಾಡಿದಾರಿಗಳು ಎತ್ತುಗಳ ಉಸಿರನ್ನು ಲೆಕ್ಕವಿಟ್ಟು ಗುಡ್ಡವನ್ನು ಬಳಸಿಕೊಂಡು ಏರುತ್ತಿದ್ದವು. ತಿರುವುಗಳನ್ನು ನೇರಮಾಡುವವರು ಆ ಬಳಸುವಿಕೆಯನ್ನು ದೋಷವೆಂದು ಭಾವಿಸುತ್ತಾರೆ. ನೇರವಾದ ರಸ್ತೆ ಒಂದೋ ಕಡಿದಾಗುತ್ತದೆ, ಇಲ್ಲವೇ ಗುಡ್ಡದ ಬುಡವನ್ನು ಕತ್ತರಿಸುತ್ತದೆ. ಬುಡ ಕಳೆದುಕೊಂಡ ಇಳಿಜಾರು ಮಳೆನೀರು ಕುಡಿದಾಗ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡದ್ದನ್ನು ಈ ಜಿಲ್ಲೆ ಮರೆಯಲಾರದು.

ಅಗಲ ಮತ್ತು ವೇಗ

ಒಳರಸ್ತೆಯನ್ನು ಅಗಲ ಮಾಡಿದರೆ ಸುರಕ್ಷಿತವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದನ್ನೂ ಲೆಕ್ಕದಿಂದಲೇ ಪರಿಶೀಲಿಸಬಹುದು. ಎದುರಿಗೆ ಸೈಕಲ್ ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎನ್ನೋಣ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಪೂರ್ತಿ ನಿಲ್ಲಲು ಸುಮಾರು 20 ಮೀಟರ್ ಸಾಕು. 60 ಕಿಲೋಮೀಟರ್ ವೇಗದಲ್ಲಿ 50 ಮೀಟರಿಗೂ ಹೆಚ್ಚು ಬೇಕು. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ. ಗುಡ್ಡದ ತಿರುವಿನಲ್ಲಿ ಮುಂದೆ ಕಾಣುವುದು 30 ಮೀಟರ್ ಮಾತ್ರ ಎಂದಾದರೆ, ಮೊದಲ ವಾಹನ ನಿಲ್ಲುತ್ತದೆ, ಎರಡನೆಯದು ನಿಲ್ಲಲಾರದು. ಕಿರಿದಾದ ರಸ್ತೆ ಚಾಲಕನನ್ನು ತಾನಾಗಿಯೇ ನಿಧಾನಿಸುತ್ತದೆ. ಅಗಲವಾದ ರಸ್ತೆ ವೇಗಕ್ಕೆ ಕರೆ ಕೊಡುತ್ತದೆ. ಆಗ ಮೊದಲು ಮಾಯವಾಗುವವರು ನಡೆಯುವವರು ಮತ್ತು ಸೈಕಲ್ಲಿನವರು.

ಅಗಲಕ್ಕಾಗಿ ಕಡಿಯುವುದು ಮಾವು, ಹೊನ್ನೆ, ಆಲಗಳ ನೆರಳನ್ನು. ಮುಚ್ಚುವುದು ಗುಡ್ಡದ ನೀರನ್ನು ಗದ್ದೆಗೆ ತಪ್ಪದಂತೆ ಒಯ್ಯುವ ಚರಂಡಿಯನ್ನು. ಮೋರಿ ಕಿರಿದಾದಲ್ಲಿ ಮೇಲಿನ ಗದ್ದೆಗೆ ನೆರೆ, ಕೆಳಗಿನ ಗದ್ದೆಗೆ ಬರ. ಆದ್ದರಿಂದ ರಸ್ತೆಯ ಪ್ರಶ್ನೆ ಕೃಷಿಯ ಪ್ರಶ್ನೆಯೂ ಹೌದು.

ಜರ್ಸಿ ದನದ ನಾಡಿನಿಂದ ಒಂದು ಪಾಠ

ಮಲೆನಾಡಿನ ಕೊಟ್ಟಿಗೆಗಳಿಗೆ ಜರ್ಸಿ ದನ ಪರಿಚಿತ. ಆ ತಳಿಗೆ ಹೆಸರು ಕೊಟ್ಟ ಜರ್ಸಿ, ಫ್ರಾನ್ಸಿನ ನಾರ್ಮಂಡಿ ತೀರದ ಬಳಿಯ ಒಂದು ದ್ವೀಪ. ವಿಸ್ತೀರ್ಣ ಸುಮಾರು 120 ಚದರ ಕಿಲೋಮೀಟರ್. 2021ರ ಜನಗಣತಿಯಂತೆ ಜನಸಂಖ್ಯೆ ಒಂದು ಲಕ್ಷಕ್ಕೂ ಮಿಕ್ಕಿದೆ. ಉತ್ತರದ ಕಡಿದಾದ ಕಡಲಂಚಿನಿಂದ ದಕ್ಷಿಣಕ್ಕೆ ಇಳಿಯುವ ಆ ನೆಲದಲ್ಲಿ ಆಲೂಗಡ್ಡೆ ಹೊಲಗಳ ನಡುವೆ ಕಿರಿದಾದ ಓಣಿಗಳಿವೆ. 1994ರಿಂದ ಅಲ್ಲಿ ಅಂಥ ಹಲವು ಓಣಿಗಳನ್ನು ‘ಹಸಿರು ಓಣಿ’ಗಳೆಂದು ಗುರುತಿಸಲಾಗಿದೆ. ಅವುಗಳಲ್ಲಿ ವೇಗದ ಮಿತಿ ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್. ನಡೆಯುವವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ ಆದ್ಯತೆ. ಮನೆಯವರ ಕಾರಿಗೂ ರೈತರ ಟ್ರ್ಯಾಕ್ಟರಿಗೂ ಅಡ್ಡಿಯಿಲ್ಲ. ಅವು ನಿಧಾನವಾಗಿ ಹೋಗಬೇಕು, ಅಷ್ಟೆ.

ಅಲ್ಲಿ ದ್ವೀಪವು ಹನ್ನೆರಡು ಪ್ಯಾರಿಷ್‌ಗಳಾಗಿ, ಅಂದರೆ ಗ್ರಾಮಘಟಕಗಳಾಗಿ ವಿಂಗಡವಾಗಿದ್ದು, ಒಳರಸ್ತೆಗಳ ಹೊಣೆ ಆಯಾ ಘಟಕದ್ದು. ರಸ್ತೆಯಂಚಿನ ಬೇಲಿಯನ್ನು ಸವರುವುದು ಜಮೀನುದಾರರ ಕಾನೂನುಬದ್ಧ ಕರ್ತವ್ಯ. ರಸ್ತೆಯ ಮೇಲೆ 12 ಅಡಿ, ಕಾಲುದಾರಿಯ ಮೇಲೆ 8 ಅಡಿ ಎತ್ತರದವರೆಗೆ ಕೊಂಬೆ ಚಾಚಿರಬಾರದು. ವರ್ಷಕ್ಕೆ ಎರಡು ಬಾರಿ ಗ್ರಾಮಘಟಕದ ಪ್ರತಿನಿಧಿಗಳು ಸುತ್ತಾಡಿ ಪರೀಕ್ಷಿಸುತ್ತಾರೆ, ತಪ್ಪಿದವರಿಗೆ ದಂಡವುಂಟು. ಬೇಲಿ ಉಳಿಯುತ್ತದೆ, ನೋಟಕ್ಕೆ ಅಡ್ಡಿಯೂ ಇಲ್ಲ. ಹಣ ಸುರಿದು ಅಗಲ ಮಾಡುವುದರ ಬದಲು ಕತ್ತಿ ಹಿಡಿದು ಅಂಚು ಸವರುವ ವಿವೇಕವಿದು.

ಊರು ಮಾಡಬಹುದಾದುದು

ಶಾಂತ ರಸ್ತೆಯ ಹೆಸರಿನಲ್ಲಿ ಹಳ್ಳಿಯವರ ಕಷ್ಟವನ್ನು ಮರೆಯುವಂತಿಲ್ಲ. ಹೆರಿಗೆ ನೋವು ಬಂದಾಗ ದೋಣಿಗೆ ಕಾಯುವುದು ಸೊಗಸಲ್ಲ. ಮಳೆಗಾಲದಲ್ಲಿ ಕಾಲುಸಂಕದ ಮೇಲೆ ಮಕ್ಕಳು ಜೀವ ಬಿಗಿಹಿಡಿದು ದಾಟುವುದೂ ಸೊಗಸಲ್ಲ. ಆದರೆ ಆಂಬುಲೆನ್ಸಿಗೆ ಬೇಕಾದುದು ಗುಂಡಿಯಿಲ್ಲದ ಮೇಲ್ಮೈ ಮತ್ತು ಅಲ್ಲಲ್ಲಿ ಎದುರು ವಾಹನಕ್ಕೆ ಎಡೆಕೊಡುವ ಜಾಗ. ಅದಕ್ಕಾಗಿ ಉದ್ದಕ್ಕೂ ದ್ವಿಪಥ ಬೇಕಿಲ್ಲ. ಹೊಳೆ ದಾಟಲು ಎಲ್ಲೆಡೆ ಲಾರಿಯ ಸೇತುವೆಯೇ ಆಗಬೇಕೆಂದೂ ಇಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ, ಕಡಿಮೆ ವೆಚ್ಚದಲ್ಲಿ ಹಳ್ಳಿಗಳನ್ನು ಬೆಸೆಯಬಹುದೆಂದು ತೋರಿಸಿದ್ದಾರೆ. ತೂಗುಸೇತುವೆಯೂ ಒಂದು ಜರಡಿಯೇ.

ಘಟ್ಟದ ಮೇಲಿನ ಊರುಗಳಲ್ಲೂ ಇಂಥ ದಾರಿಗಳಿವೆ. ವಿದ್ಯಾರ್ಥಿಗಳು ತಮ್ಮ ಶಾಲೆಗೆ ಬರುವ ಒಳರಸ್ತೆಗಳ ನಕ್ಷೆ ಬರೆಯಲಿ. ಏರು, ತಿರುವು, ನೆರಳಿನ ಮರ, ಮೋರಿ, ಕಾಲುಸಂಕಗಳನ್ನು ಗುರುತಿಸಲಿ. ಒಂದು ದಿನ ಕುಳಿತು, ಹಾದುಹೋಗುವ ವಾಹನಗಳಲ್ಲಿ ಊರಿನವೆಷ್ಟು, ಹೊರಗಿನವೆಷ್ಟು ಎಂದು ಎಣಿಸಲಿ. ಆ ನಕ್ಷೆಯೂ ಎಣಿಕೆಯೂ ಗ್ರಾಮಸಭೆಯ ಮುಂದೆ ಬರಲಿ. ವಾಹನಗಳ ವೇಗಕ್ಕೆ ಮಿತಿ ಹಾಕಲು ಮೋಟಾರು ವಾಹನಗಳ ಕಾಯ್ದೆ, 1988ರ 112ನೆಯ ಕಲಮೂ, ನಿರ್ದಿಷ್ಟ ರಸ್ತೆಯಲ್ಲಿ ನಿರ್ದಿಷ್ಟ ಬಗೆಯ ವಾಹನಗಳನ್ನು ನಿರ್ಬಂಧಿಸಲು 115ನೆಯ ಕಲಮೂ ಅವಕಾಶ ಕೊಡುತ್ತವೆ. ಅಧಿಸೂಚನೆ ಹೊರಡಿಸುವುದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು, ಕೇಳಬೇಕಾದವರು ಊರಿನವರು.

ರಸ್ತೆ ಅಗಲೀಕರಣದ ಯಂತ್ರ ಬಂದು ನಿಂತ ದಿನ ಮರವನ್ನು ಅಪ್ಪಿಕೊಳ್ಳುವುದಕ್ಕಿಂತ, ಯೋಜನೆ ಕಾಗದದ ಮೇಲಿರುವಾಗಲೇ ಗ್ರಾಮಸಭೆಯ ನಡಾವಳಿಯಲ್ಲಿ ‘ಈ ರಸ್ತೆ ಇಷ್ಟೇ ಅಗಲ ಸಾಕು’ ಎಂದು ಬರೆಸುವುದು ಹೆಚ್ಚು ಫಲಕಾರಿ. ಮುಂದಿನ ಗ್ರಾಮಸಭೆಗೆ ಹೋಗುವಾಗ ಒಂದೊಂದು ಊರೂ ಒಂದೊಂದು ರಸ್ತೆಯ ಹೆಸರನ್ನು ಕೊಂಡೊಯ್ಯಲಿ.