ನ್ಯಾಯಾಧೀಶನ ಕೈ ಎಷ್ಟು ಉದ್ದ?

ಅಮೆರಿಕದ ಕಾನೂನು ಚಿಂತನೆಯಲ್ಲಿ ಸಂಪ್ರದಾಯವಾದಿಗಳನ್ನೂ ಸ್ವಾತಂತ್ರ್ಯವಾದಿಗಳನ್ನೂ, ಅಂದರೆ ವ್ಯಕ್ತಿಯ ಬದುಕಿನಲ್ಲಿ ಸರ್ಕಾರ ಆದಷ್ಟು ಕಡಿಮೆ ಕೈಹಾಕಬೇಕೆನ್ನುವವರನ್ನೂ, ಒಂದೇ ಪಂಕ್ತಿಯಲ್ಲಿ ಕೂರಿಸುವುದು ರೂಢಿ. ಆದರೆ ಶಾಸನಸಭೆ ಮಾಡಿದ ಕಾಯಿದೆಯನ್ನು ನ್ಯಾಯಾಧೀಶ ಯಾವಾಗ ತಳ್ಳಿಹಾಕಬಹುದೆಂಬ ಪ್ರಶ್ನೆ ಎದ್ದಾಗಲೆಲ್ಲ ಈ ಪಂಕ್ತಿ ಒಡೆದಿದೆ.

ಈ ವ್ಯಾಜ್ಯದ ಬೇರು ಬೇಕರಿಯೊಂದರಲ್ಲಿದೆ. ನ್ಯೂಯಾರ್ಕಿನ ಎಷ್ಟೋ ಬೇಕರಿಗಳು ಗಾಳಿಬೆಳಕಿಲ್ಲದ ನೆಲಮಾಳಿಗೆಗಳಲ್ಲಿದ್ದು, ಕೆಲಸಗಾರರು ಹಿಟ್ಟಿನ ಧೂಳು ಕುಡಿಯುತ್ತ ಒಲೆಯ ಕಾವಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, 1895ರ ರಾಜ್ಯ ಕಾಯಿದೆಯೊಂದು ಅವರ ದುಡಿಮೆಗೆ ದಿನಕ್ಕೆ 10, ವಾರಕ್ಕೆ 60 ಗಂಟೆಗಳ ಮಿತಿ ಹಾಕಿತು. ಯುಟಿಕಾ ಊರಿನ ಮಾಲೀಕ ಜೋಸೆಫ್ ಲಾಕ್ನರ್ ಅದನ್ನು ಮೀರಿ 50 ಡಾಲರ್ ದಂಡಕ್ಕೆ ಗುರಿಯಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, 1905ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೈಕಿ ಐವರು ಆ ಮಿತಿಯನ್ನೇ ಅಸಿಂಧುವೆಂದರು. ಕಾನೂನಿನ ಯುಕ್ತ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದೆನ್ನುವ ಸಂವಿಧಾನದ 14ನೆಯ ತಿದ್ದುಪಡಿಯೊಳಗೆ ‘ಕರಾರು ಸ್ವಾತಂತ್ರ್ಯ’, ಎಂದರೆ ಮಾಲೀಕನೂ ಕೆಲಸಗಾರನೂ ತಮಗೊಪ್ಪಿದ ಷರತ್ತಿಗೆ ಬರುವ ಹಕ್ಕು, ಅಡಕವಾಗಿದೆಯೆಂಬುದು ಅವರ ವಾದ. ಸಂವಿಧಾನ ಯಾವ ಅರ್ಥಶಾಸ್ತ್ರ ಸಿದ್ಧಾಂತಕ್ಕೂ ಕಟ್ಟುಬಿದ್ದಿಲ್ಲವೆಂದು ನ್ಯಾಯಮೂರ್ತಿ ಹೋಮ್ಸ್ ಬರೆದ ಪುಟ್ಟ ಭಿನ್ನತೀರ್ಪು ಬಹುಮತದ ತೀರ್ಪಿಗಿಂತ ಹೆಚ್ಚು ಕಾಲ ಬಾಳಿತು. 1937ರಲ್ಲಿ ಹೋಟೆಲ್ ಕೋಣೆಗಳನ್ನು ಶುಚಿಮಾಡುತ್ತಿದ್ದ ಎಲ್ಸಿ ಪ್ಯಾರಿಶ್ ಕನಿಷ್ಠ ಕೂಲಿಯ ಮೊಕದ್ದಮೆ ಗೆದ್ದಾಗ ಕರಾರು ಸ್ವಾತಂತ್ರ್ಯದ ಹೆಸರಿನಲ್ಲಿ ಕಾಯಿದೆಗಳನ್ನು ತಳ್ಳಿಹಾಕುವ ಯುಗವೇ ಮುಗಿಯಿತು.

ಸೋಜಿಗವೆಂದರೆ, ವಾರೆನ್ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕಾಲದ ತೀರ್ಪುಗಳಿಂದ ಕೆರಳಿದ ಸಂಪ್ರದಾಯವಾದಿಗಳು, ಪ್ರಗತಿಪರರು ಮೆಚ್ಚಿ ಮೆರೆಸಿದ ಹೋಮ್ಸ್ ಅವರ ಸಂಯಮವನ್ನೇ, ಅಂದರೆ ಶಾಸನಸಭೆಯ ತೀರ್ಮಾನಕ್ಕೆ ನ್ಯಾಯಾಧೀಶ ಸುಲಭವಾಗಿ ಕೈಹಾಕಬಾರದೆಂಬ ನಿಲುವನ್ನೇ, ಆಶ್ರಯಿಸಿದರು. ಸಂವಿಧಾನದ ಮಾತುಗಳಿಗೆ ಅವು ಅಂಗೀಕಾರವಾದ ಕಾಲದ ಅರ್ಥವನ್ನಷ್ಟೇ ಕೊಡಬೇಕೆನ್ನುವ ಮೂಲಾರ್ಥವಾದವನ್ನು ಸಂಪ್ರದಾಯವಾದಿ ಕಾನೂನು ಪಂಡಿತ ರಾಬರ್ಟ್ ಬೋರ್ಕ್ ಆ ಸಂಯಮದೊಂದಿಗೆ ಹೆಣೆದರು. 1982ರಲ್ಲಿ ಕಾನೂನು ವಿದ್ಯಾರ್ಥಿಗಳು ಕಟ್ಟಿದ ಫೆಡರಲಿಸ್ಟ್ ಸೊಸೈಟಿ ಎರಡೂ ಬಣಗಳಿಗೆ ಒಂದೇ ಚಾವಡಿ ಒದಗಿಸಿತಾದರೂ ಜಗಳ ತೀರಲಿಲ್ಲ: 1984ರ ಚರ್ಚೆಯೊಂದರಲ್ಲಿ ಆರ್ಥಿಕ ಸ್ವಾತಂತ್ರ್ಯದ ಕಾವಲು ನ್ಯಾಯಾಧೀಶರ ಕೆಲಸವಲ್ಲವೆಂದು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಆಂಟೊನಿನ್ ಸ್ಕಾಲಿಯಾ ಹೇಳಿದರೆ, ನ್ಯಾಯಾಧೀಶರ ಕೆಲಸವೇ ಅದೆಂದು ಸ್ವಾತಂತ್ರ್ಯವಾದಿ ಕಾನೂನು ಪ್ರಾಧ್ಯಾಪಕ ರಿಚರ್ಡ್ ಎಪ್‌ಸ್ಟೀನ್ ಪಟ್ಟುಹಿಡಿದರು.

ಒಡಕು ನ್ಯಾಯಪೀಠದಲ್ಲೇ ಕಂಡದ್ದು 2005ರಲ್ಲಿ. ಔಷಧಕ್ಕೆಂದು ಗಾಂಜಾ ಬೆಳೆಯಲು ಕ್ಯಾಲಿಫೋರ್ನಿಯಾದ ಕಾನೂನು ಬಿಟ್ಟಿದ್ದರೂ, ಮನೆಯೊಂದರ ಆರು ಗಿಡಗಳನ್ನು ಕೇಂದ್ರದ ಅಧಿಕಾರಿಗಳು ನಾಶಮಾಡಿದ್ದರು. ಆ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ, ಮೂಲಾರ್ಥವಾದಿಯೇ ಆದ ಸ್ಕಾಲಿಯಾ ಕೇಂದ್ರದ ಪರ ನಿಂತರು; ಇನ್ನೊಬ್ಬ ಮೂಲಾರ್ಥವಾದಿ ಕ್ಲಾರೆನ್ಸ್ ಥಾಮಸ್, ಮಾರಾಟಕ್ಕೂ ಬಾರದ, ರಾಜ್ಯದ ಗಡಿಯನ್ನೂ ದಾಟದ ಗಿಡ ಕೇಂದ್ರದ ನಿಯಂತ್ರಣಕ್ಕೆ ಒಳಪಟ್ಟ ಅಂತರರಾಜ್ಯ ವಾಣಿಜ್ಯವೆನಿಸುವುದಾದರೆ ಕೇಂದ್ರದ ಕೈಗೆ ಸಿಗದ ವಸ್ತುವೇ ಉಳಿಯದೆಂದು ಭಿನ್ನತೀರ್ಪು ಬರೆದರು.