ಆರ್‌ಎನ್‌ಎಯ ಕತ್ತರಿ ಯಾರ ಕೈಯಲ್ಲಿದೆ?

ಮಾನವನಲ್ಲಿ ಪ್ರೋಟೀನುಗಳನ್ನು ರೂಪಿಸುವ ವಂಶವಾಹಿಗಳು ಸುಮಾರು 20,000 ಮಾತ್ರವಿದ್ದರೂ ಅವುಗಳಿಂದ ಹುಟ್ಟುವ ಪ್ರೋಟೀನುಗಳ ಬಗೆಗಳು ಬಹಳ ಹೆಚ್ಚು. ವಂಶವಾಹಿಯಿಂದ ಮೊದಲು ಸಿದ್ಧವಾಗುವ ಆರ್‌ಎನ್‌ಎ ಪ್ರತಿಯಲ್ಲಿ ಉಳಿಯಬೇಕಾದ ‘ಎಕ್ಸಾನ್’ ತುಣುಕುಗಳ ನಡುವೆ ತೆಗೆದುಹಾಕಬೇಕಾದ ‘ಇಂಟ್ರಾನ್’ಗಳು ಸೇರಿಕೊಂಡಿರುವುದನ್ನು 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಪ್ರತ್ಯೇಕವಾಗಿ ಕಂಡುಕೊಂಡವು. ಇಂಟ್ರಾನ್‌ಗಳನ್ನು ಕತ್ತರಿಸಿ ಎಕ್ಸಾನ್‌ಗಳನ್ನು ಬೆಸೆಯುವ ಕ್ರಿಯೆ ಸ್ಪ್ಲೈಸಿಂಗ್; ಅದನ್ನು ನಡೆಸುವ ಆರ್‌ಎನ್‌ಎ ಮತ್ತು ಪ್ರೋಟೀನುಗಳ ಕೂಟ ಸ್ಪ್ಲೈಸಿಯೋಸೋಮ್. ಒಂದು ಅಂಗಾಂಶದಲ್ಲಿ ಉಳಿದ ಎಕ್ಸಾನ್ ಇನ್ನೊಂದರಲ್ಲಿ ಬಿಟ್ಟುಹೋದರೆ ಅದು ಪರ್ಯಾಯ ಸ್ಪ್ಲೈಸಿಂಗ್.

ಇಂಟ್ರಾನಿನ ತುದಿಗಳನ್ನು ಸೂಚಿಸುವ ಗುರುತುಗಳು ಕೆಲವೇ ಅಕ್ಷರಗಳಷ್ಟು ಚಿಕ್ಕವು, ಹಲವೆಡೆ ದುರ್ಬಲವೂ ಹೌದು. ಆಯ್ಕೆಗೆ ಎಡೆ ದೊರೆಯುವುದೇ ಈ ದೌರ್ಬಲ್ಯದಿಂದ. ಎಕ್ಸಾನಿಗೆ ಅಂಟಿಕೊಳ್ಳುವ ಎಸ್‌ಆರ್ ಪ್ರೋಟೀನುಗಳು ಸಾಮಾನ್ಯವಾಗಿ ಕೂಟವನ್ನು ಅಲ್ಲಿಗೆ ಸೆಳೆಯುತ್ತವೆ, ಎಚ್‌ಎನ್‌ಆರ್‌ಎನ್‌ಪಿ ವರ್ಗದವು ಹೆಚ್ಚಾಗಿ ತಡೆಯುತ್ತವೆ, ಜೀವಕೋಶದಲ್ಲಿ ಯಾವುದರ ಕೈ ಮೇಲಾಗಿದೆಯೋ ಅದರಂತೆ ಫಲಿತಾಂಶ ಬದಲಾಗುತ್ತದೆ.

ಆದರೆ ಕತ್ತರಿಸುವ ಕೂಟ ಮಾತ್ರ ಎಲ್ಲ ಇಂಟ್ರಾನ್‌ಗಳನ್ನೂ ಸಮನಾಗಿ ಕಾಣುತ್ತದೆಯೆಂಬ ನಂಬಿಕೆ ಸರಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಷಾ ವಿಜಯರಾಘವನ್ ಅವರ ತಂಡ ಇದನ್ನು ಯೀಸ್ಟಿನಲ್ಲಿ ಪರೀಕ್ಷಿಸಿತು. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟಿನಲ್ಲಿ ಇಂಟ್ರಾನ್‌ಗಳು ಸುಮಾರು 300 ಮಾತ್ರ, ಆದ್ದರಿಂದ ಅದು ಈ ಪ್ರಶ್ನೆಗೆ ಅಷ್ಟು ಒದಗುವುದಿಲ್ಲ. ಅದರ ದೂರದ ಬಂಧುವಾದ ವಿದಳನ ಯೀಸ್ಟಿನಲ್ಲಾದರೋ ಹೆಚ್ಚುಕಡಿಮೆ ಅರ್ಧದಷ್ಟು ವಂಶವಾಹಿಗಳಲ್ಲಿ ಇಂಟ್ರಾನ್‌ಗಳಿವೆ. ಬ್ರೆಡ್ ಯೀಸ್ಟಿನಲ್ಲಿ ಸ್ಪ್ಲೈಸಿಂಗಿನ ಎರಡನೆಯ ಹಂತದ ಘಟಕವೆಂದು ತಿಳಿದಿದ್ದ ಸ್ಲೂ7 ಪ್ರೋಟೀನು ಇದರಲ್ಲಿ ಮೊದಲ ಕತ್ತರಿಕೆಗೂ ಮುನ್ನವೇ ಬೇಕಾಗುತ್ತದೆ, ಅದರ ಅಗತ್ಯವೂ ಇಂಟ್ರಾನಿನಿಂದ ಇಂಟ್ರಾನಿಗೆ ಬೇರೆಯಾಗುತ್ತದೆ ಎಂಬುದನ್ನು ತಂಡ 2013ರಲ್ಲಿ ಪ್ರಕಟಿಸಿತು.

ಯಾವ ಎಕ್ಸಾನ್ ಉಳಿಯಬೇಕೆಂಬ ಆಯ್ಕೆಯನ್ನು ಔಷಧದಿಂದಲೂ ಬದಲಿಸಬಹುದು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಸ್ನಾಯು ಕ್ಷಯಿಸುವ ರೋಗವುಳ್ಳ ಮಕ್ಕಳಲ್ಲಿ ಎಸ್‌ಎಂಎನ್1 ವಂಶವಾಹಿ ಕೆಲಸ ಮಾಡುವುದಿಲ್ಲ. ಅದರ ಜೋಡಿಯಾದ ಎಸ್‌ಎಂಎನ್2 ಇದ್ದರೂ, ಏಳನೆಯ ಎಕ್ಸಾನಿನಲ್ಲಿ ‘ಸಿ’ ಎಂಬ ಒಂದೇ ಅಕ್ಷರ ‘ಟಿ’ ಆಗಿರುವುದರಿಂದ ಆ ಎಕ್ಸಾನ್ ಬಹುಪಾಲು ಪ್ರತಿಗಳಲ್ಲಿ ಬಿಟ್ಟುಹೋಗುತ್ತದೆ. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನ್ಯೂಸಿನರ್ಸೆನ್ ಎಂಬ ಔಷಧ, ತಡೆಯುವ ಪ್ರೋಟೀನುಗಳ ಜಾಗವನ್ನು ಆಕ್ರಮಿಸಿ ಎಕ್ಸಾನನ್ನು ಉಳಿಸುತ್ತದೆ, ಅದನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಬೇಕು. 2020ರಲ್ಲಿ ಬಂದ ರಿಸ್ಡಿಪ್ಲಾಂ ಮಾತ್ರ ಬಾಯಿಯ ಮೂಲಕ ಕೊಡುವ ಔಷಧ. ಅದು ಕೂಟದ ಭಾಗವಾದ ಯು1 ಆ ಎಕ್ಸಾನಿನ ತುದಿಯನ್ನು ಹಿಡಿದುಕೊಳ್ಳುವುದನ್ನೇ ಬಲಪಡಿಸುತ್ತದೆ.